ಹೂಂಗುಟ್ಟುವವರು

ಪೂರ್ವ ಓಕ್‌ಲ್ಯಾಂಡಿನ ನೂರ ತೊಂಬತ್ತಾರು ಮುದುಕ ಮುದುಕಿಯರ ದನಿಗಳನ್ನು ಮಾರ್ಚ್ ಹನ್ನೊಂದನೇ ತಾರೀಕು ಸೋಮವಾರ ಕಂಪನಿ ಕಸದ ಖಾನೆಗೆ ಹಾಕಿತು. ದನಿ ಕೊಟ್ಟವರಿಗೆ ಯಾರೂ ತಿಳಿಸಲಿಲ್ಲ. ದನಿ ಕೂಡಿಸಿ ತಂದ ಡೆಲ್ಫೀನ್ ಬ್ರೂಸಾರ್ಡಳಿಗೂ ತಿಳಿಸಲಿಲ್ಲ.

ಅವಳಿಗೆ ಗೊತ್ತಾದದ್ದು ಇಪ್ಪತ್ಮೂರು ದಿನಗಳ ಮೇಲೆ, ಅದೂ ಬೇರೇನನ್ನೋ ಹುಡುಕುವಾಗ. ಸ್ಯಾನ್ ಫ್ರಾನ್ಸಿಸ್ಕೋದ ಆ ಕಟ್ಟಡದ ಒಂಬತ್ತನೇ ಮಹಡಿಯ ಕಿಟಕಿಗಳಿಗೆ ಮಂಜು ಬಂದು ಒರಗಿತ್ತು. ಮಧ್ಯಾಹ್ನದ ಊಟ ಮುಗಿಸಿ ಬಂದವರೆಲ್ಲ ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು ತಂತಮ್ಮ ಪರದೆಯೊಳಕ್ಕೆ ಇಳಿದುಹೋಗಿದ್ದರು. ಡೆಲ್ಫೀನಳ ಪರದೆಯ ಮೇಲೆ ಉದ್ದನೆಯ ಪಟ್ಟಿಯೊಂದು ಬಿಚ್ಚಿಕೊಂಡಿತು. ಪ್ರತಿ ಸಾಲಿನ ಮುಂದೂ ಒಂದೇ ಮಾತು: ಅಸ್ಪಷ್ಟ. ಅಸ್ಪಷ್ಟ. ಅಸ್ಪಷ್ಟ. ಕೆಳಗೆ ಸಣ್ಣ ಅಕ್ಷರದಲ್ಲಿ, ಈ ಖಾನೆ ಏಪ್ರಿಲ್ ಹತ್ತರಂದು ತಾನಾಗಿ ಖಾಲಿಯಾಗುತ್ತದೆ ಎಂದು ಬರೆದಿತ್ತು.

ಅವಳು ಒಂದು ಸಾಲನ್ನು ಒತ್ತಿದಳು.

“ಈ ಎಡಗಾಲು ನಂದಲ್ಲ ಅನ್ನಂಗೆ ಆಗ್ಬುಟ್ಟದೆ ಕಣವ್ವ,” ಎಂದಿತು ಚರ್ಚಿನವರು ‘ಸಿಸ್ಟರ್’ ಎನ್ನುವ ಮುದುಕಿ ವರ್ನೆಲ್‌ಳ ದನಿ.

“ಊಂ,” ಎಂದರು ಇನ್ಯಾರೋ.

“ಬೆಳಗ್ಗೆ ಎದ್ದು ನೆಲಕ್ಕೆ ಊರುದ್ರೆ ಮಂಜ್ಗಡ್ಡೆ ಮೇಲೆ ಊರ್ದಂಗೆ…”

“ಯೋಳವ್ವ, ಯೋಳು!”

“ಸಕ್ಕರೆ ಕಾಯ್ಲೆ ಅದು ವರ್ನೆಲ್. ನಮ್ಮವ್ವುಂಗೂ ಅಂಗೇ ಸುರು ಆಗಿದ್ದು.”

“ಸ್ವಾಮೀ, ಕಾಪಾಡಪ್ಪಾ.”

ಡೆಲ್ಫೀನ್ ಕಣ್ಣು ಮುಚ್ಚಿದಳು. ತಂತಿಯ ಮೇಲೆ ಕೂತ ಹಕ್ಕಿಗಳಲ್ಲಿ ಒಂದು ಹಾರಿದರೆ ಉಳಿದವೂ ಹಾರಿ, ಗಾಳಿಯಲ್ಲಿ ಒಂದು ಸುತ್ತು ಹಾಕಿ, ಮತ್ತೆ ಅದೇ ತಂತಿಗೆ ಬಂದು ಕೂರುತ್ತವಲ್ಲ, ಹಾಗೆ ದನಿಗಳು ಎದ್ದು ಎದ್ದು ಕೂರುತ್ತಿದ್ದವು. ಅವಳು ಎಷ್ಟು ಹೊತ್ತು ಕೇಳಿದಳೋ. ಕಣ್ಣು ಬಿಟ್ಟಾಗ ಕಿಟಕಿಯಾಚೆ ಊರೇ ಇರಲಿಲ್ಲ, ಬರೀ ಬಿಳುಪು.

ಆ ಕಂಪನಿ ಮಾಡುತ್ತಿದ್ದದ್ದು ಮಾತು ಕೇಳಿಸಿಕೊಳ್ಳುವ ಯಂತ್ರ. ಮುದುಕರು ಆಸ್ಪತ್ರೆಗೆ ಫೋನು ಮಾಡಿದರೆ ಇನ್ನು ಮುಂದೆ ಎತ್ತಿಕೊಳ್ಳುವುದು ಆ ಯಂತ್ರ. ಎಲ್ಲಿ ನೋವು, ಎಷ್ಟು ಹೊತ್ತಿನಿಂದ, ಉಸಿರು ಕಟ್ಟುತ್ತಿದೆಯೇ ಎಂದು ಅದು ಕೇಳಬೇಕು. ಕೇಳಿ, ಯಾರನ್ನು ಮೊದಲು ನರ್ಸಿಗೆ ಕೊಡಬೇಕು ಯಾರನ್ನು ಆಮೇಲೆ ಎಂದು ಸಾಲು ಮಾಡಬೇಕು. ಯಾರ ಮಾತು ಅದಕ್ಕೆ ತಿಳಿಯುವುದಿಲ್ಲವೋ ಅವರು ಸಾಲಿನ ಕೊನೆ. ಕಂಪನಿಯಲ್ಲಿ ನಾನೂರಿಪ್ಪತ್ತು ಜನ. ಬಾಗಿಲು ಕಾಯುವವರನ್ನೂ ಅಡಿಗೆಮನೆಯವರನ್ನೂ ಬಿಟ್ಟರೆ ಅದರಲ್ಲಿ ಕಪ್ಪು ಜನ ಐದು. ಆ ಐವರಲ್ಲಿ ಡೆಲ್ಫೀನಳ ಮುಖ ಕೆಳಗಿನ ಹಜಾರದ ದೊಡ್ಡ ಪರದೆಯ ಮೇಲೆ ಹಗಲೆಲ್ಲ ನಗುತ್ತಿರುತ್ತದೆ. ಅದರಡಿ ಬರೆದಿದೆ: ‘ಎಲ್ಲ ದನಿಗೂ ಇಲ್ಲಿ ಜಾಗವುಂಟು.’ ಬೆಳಗ್ಗೆ ಒಳಗೆ ಬರುವಾಗ ತನ್ನ ಮುಖದ ಕೆಳಗೇ ಅವಳು ಹಾದುಬರಬೇಕು. ಅದು ಅವಳಿಗಿಂತ ಚೆನ್ನಾಗಿ ನಿದ್ದೆ ಮಾಡಿದ ಮುಖ.

ಚಳಿಗಾಲದ ನಾಲ್ಕು ಶನಿವಾರ ಅವಳು ತನ್ನ ಅಜ್ಜಿಯ ಚರ್ಚಿನ ನೆಲಮಾಳಿಗೆಯಲ್ಲಿ ಕುರ್ಚಿ ಹಾಕಿಸಿ, ಮೈಕು ನಿಲ್ಲಿಸಿ, ಮುದುಕರನ್ನು ಕೂರಿಸಿ ಮಾತಾಡಿಸಿದ್ದಳು. ಅವರು ಸುಲಭಕ್ಕೆ ಒಪ್ಪಿದವರಲ್ಲ. “ನಮ್ದು ರಕ್ತ ತಕಂಡ್ರು, ಬೆರಳಚ್ಚು ತಕಂಡ್ರು, ಬೀದಿ ತಕಂಡ್ರು, ಈಗ ದನೀನೂ ಬೇಕಂತಾ?” ಎಂದು ಚರ್ಚಿನ ಹಿರಿಯ ಡೀಕನ್ ಹಾರೆಸ್ ಕೈಕಟ್ಟಿ ನಿಂತಿದ್ದ. ಆಗ ಡೆಲ್ಫೀನ್ ಎದ್ದು ನಿಂತು, ಯೂಲಾ ಮೇ ಬ್ರೂಸಾರ್ಡಳ ಮೊಮ್ಮಗಳು ನಾನು, ನನ್ನ ಹೆಸರಿನ ಮೇಲೆ ಹೇಳುತ್ತೇನೆ, ಈ ದನಿಗಳು ಆ ಯಂತ್ರದೊಳಗೆ ಹೋಗುತ್ತವೆ, ನಾಳೆ ನೀವು ಫೋನು ಮಾಡಿದರೆ ಅದು ನಿಮ್ಮನ್ನು ಕೇಳಿಸಿಕೊಳ್ಳುತ್ತದೆ ಎಂದಿದ್ದಳು. ಹೆಸರಿಟ್ಟು ಕೊಟ್ಟ ಮಾತು. ಆ ಚರ್ಚಿನಲ್ಲಿ ಅದಕ್ಕಿಂತ ದೊಡ್ಡ ಪತ್ರ ಇಲ್ಲ. ಹಾರೆಸ್ ಕೈ ಬಿಡಿಸಿಕೊಂಡು ಕುರ್ಚಿ ಎಳೆದುಕೊಂಡಿದ್ದ.

ಡೆಲ್ಫೀನ್ ಎದ್ದು ಮೆರಿಡಿತ್‌ಳ ಕೋಣೆಗೆ ಹೋದಳು. ಮೆರಿಡಿತ್ ಅವಳ ಮೇಲಿನವಳು, ಐವತ್ತರ ಬಿಳಿಯ ಹೆಂಗಸು, ಒಳ್ಳೆಯವಳು. ಅವಳ ಮನೆಯ ಅಂಗಳದಲ್ಲಿ ಕಪ್ಪು ಜನರ ಪ್ರಾಣಕ್ಕೂ ಬೆಲೆಯಿದೆ ಎನ್ನುವ ಫಲಕ ನೆಟ್ಟಿದೆ. ಮಳೆಗೆ ಬಣ್ಣ ಹೋದಾಗ ಬೇರೆಯದು ತಂದು ನೆಟ್ಟಿದ್ದಳು.

“ಬಾ, ಕೂತ್ಕೋ. ಯಾಕೆ ಹೀಗಿದ್ದೀಯ? ಜ್ವರಾನಾ?”

“ಚರ್ಚಿನ ದನಿಗಳು ಕಸದಲ್ಲಿವೆ, ಮೆರಿಡಿತ್.”

“ಅದಾ,” ಎಂದು ಅವಳು ಕನ್ನಡಕ ತೆಗೆದಳು. “ನಿಂಗೆ ಹೇಳ್ಬೇಕು ಅಂತಿದ್ದೆ. ಬೇಜಾರಾಗತ್ತೆ ಅಂತ ಸುಮ್ನಿದ್ದೆ. ಯಾರೂ ಬೇಕೂಂತ ಮಾಡಿದ್ದಲ್ಲ. ದನಿ ಕೇಳಿ ಬರೆಯೋರು ನಿಯಮದ ಪುಸ್ತಕದಲ್ಲಿ ಇದ್ದಂಗೇ ಮಾಡಿದ್ದಾರೆ. ಎರಡು ದನಿ ಒಂದರ ಮೇಲೊಂದು ಬಿದ್ದರೆ ಅಸ್ಪಷ್ಟ ಅಂತ ಗುರುತು ಹಾಕಿ ಮುಂದೆ ಹೋಗಿ. ನಿಯಮ ಅದೇ ತಾನೆ?”

ಆ ಪುಸ್ತಕ ಬರೆದವಳು ಡೆಲ್ಫೀನಳೇ. ಮೂರು ವರ್ಷದ ಹಿಂದೆ, ಹೊಸದಾಗಿ ಸೇರಿದಾಗ, ತನ್ನನ್ನು ಬಣ್ಣ ನೋಡಿ ತೆಗೆದುಕೊಂಡರು ಎನ್ನುವವರ ಬಾಯಿ ಮುಚ್ಚಿಸಬೇಕೆಂದು ಹಗಲಿರುಳು ಕೂತು, ಒಂದು ಕೂದಲೂ ಅಲ್ಲಾಡದ ಹಾಗೆ ನಲವತ್ತು ನಿಯಮ ಬರೆದಿದ್ದಳು. ಹದಿನೇಳನೆಯದು ಇದು. ಎಲ್ಲೋ ದೂರದ ಊರುಗಳಲ್ಲಿ ಗಂಟೆಯ ಕೂಲಿಗೆ ಕೂತು ದನಿ ಕೇಳಿ ಬರೆಯುವ ಹುಡುಗಿಯರು ಅವಳ ಮಾತನ್ನು ಅಕ್ಷರ ಬಿಡದೆ ಪಾಲಿಸಿದ್ದರು.

ಆದರೆ ಅವಳ ಎದೆಯೊಳಕ್ಕೆ ಕಲ್ಲಿನ ಹಾಗೆ ಇಳಿದದ್ದು ಇನ್ನೊಂದು. ನಾಲ್ಕು ಶನಿವಾರ ಅವಳೇ ಹೆಡ್‌ಫೋನ್ ಹಾಕಿಕೊಂಡು ಮೈಕಿನ ಪಕ್ಕ ಕೂತಿದ್ದಳಲ್ಲ! ಮುದುಕರ ಮೇಲೆ ಮುದುಕರು ಹೂಂಗುಟ್ಟಿದ್ದನ್ನು ಅವಳು ಕೇಳಿಯೇ ಇರಲಿಲ್ಲ. ಕೇಳಿದ್ದಳು, ಎರಡು ದನಿಯೆಂದು ಕೇಳಿರಲಿಲ್ಲ. ಆ ಚರ್ಚಿನಲ್ಲಿ ಒಬ್ಬರು ಮಾತಾಡುವಾಗ ಸುಮ್ಮನೆ ಕೂತವರು ಒಂದೋ ಸತ್ತಿರಬೇಕು, ಇಲ್ಲ ಜಗಳವಾಡಿರಬೇಕು. ಹೇಳುವವರ ಮಾತಿಗೆ ಕೇಳುವವರು ಹೂಂ ಎಂದು ಊರುಗೋಲು ಕೊಡುವುದು ಅಲ್ಲಿ ಮರ್ಯಾದೆ. ತೊಟ್ಟಿಲಲ್ಲಿದ್ದಾಗಿನಿಂದ ಕೇಳಿದ ಕಿವಿಗೆ ಅದು ಒಂದೇ ಮಾತು, ಒಂದೇ ಉಸಿರು.

“ನಿಯಮ ತೆಗೆಯೋಣ,” ಎಂದಳು. “ನಾನು ಬರೆದದ್ದು ತಪ್ಪು. ಮತ್ತೆ ಬರೀತೀನಿ. ಆರು ವಾರ ಕೊಡು. ಆ ದನಿಗಳನ್ನ ವಾಪಸ್ ತಂದು ಕಲಿಸೋಣ.”

“ಆರು ವಾರ ಎಲ್ಲಿದೆ ಡೆಲ್ಫೀನ್? ಮುಂದಿನ ಬುಧವಾರ ಯಂತ್ರ ಕೊಳ್ಳೋಕೆ ಆಸ್ಪತ್ರೆಯೋರು ಬರ್ತಾರೆ.” ಮೆರಿಡಿತ್ ಮುಂದಕ್ಕೆ ಬಾಗಿದಳು. “ಒಂದು ಕೆಲಸ ಮಾಡು. ನಿಮ್ಮ ಅಜ್ಜೀನ ಕರ್ಕೊಂಡ್ ಬಾ. ಜೊತೆಗೆ ಇನ್ನೊಂದು ನಾಲ್ಕು ಜನ ಸಿಕ್ಕರೆ ಸರಿ, ಇಲ್ಲದಿದ್ರೆ ಅವರೊಬ್ಬರೇ ಸಾಕು. ಗಾಜಿನ ಕೋಣೇಲಿ ಒಬ್ಬರೇ ಕೂತು ಒಂದು ಮೂವತ್ತು ಸಾಲು ಓದಲಿ. ಸ್ವಲ್ಪ ಬಿಡಿಸಿ, ಸ್ವಲ್ಪ ಚೊಕ್ಕವಾಗಿ. ಬಂದೋರಿಗೆ ತೋರಿಸೋಕೆ ಅಷ್ಟಾದ್ರೆ ಸಾಕು. ಮಿಕ್ಕಿದ್ದನ್ನ ಆಮೇಲೆ ನೋಡೋಣ. ನಾನು ನಿನ್ನ ಕಡೆ ಇದೀನಿ, ಗೊತ್ತಲ್ಲ?”

“ಗೊತ್ತು,” ಎಂದಳು ಡೆಲ್ಫೀನ್. ಆಫೀಸಿನ ದನಿಯಲ್ಲಿ. ಅವಳಿಗೂ ಒಂದು ಆಫೀಸಿನ ದನಿ ಇತ್ತು. ಬೆಳಗ್ಗೆ ಮನೆಯಿಂದ ಬರುವ ರೈಲು ಕೊಲ್ಲಿಯ ನೀರಿನಡಿ ಹೊಕ್ಕಾಗ ಅವಳ ಗಂಟಲಿಗೆ ಬರುತ್ತಿತ್ತು, ಸಂಜೆ ಅದೇ ನೀರಿನಡಿ ಇಳಿದುಹೋಗುತ್ತಿತ್ತು.

ಅವತ್ತು ಸಂಜೆ ಇಳಿಯಲಿಲ್ಲ. ರೈಲು ಕೊಲ್ಲಿಯ ತಳದ ಕೊಳವೆಯೊಳಗೆ ಕೂಗುತ್ತ ಓಡುತ್ತಿತ್ತು. ತಲೆಯ ಮೇಲೆ ಅಷ್ಟೂ ಕಡಲು. ಕಪ್ಪು ಗಾಜಿಗೆ ಹಣೆ ಆನಿಸಿ ಕೂತವಳಿಗೆ ಜೊಂಪು ಹತ್ತಿತು. ಗಾಜಿನಾಚೆ, ನೀರಿನ ನೆಲದಲ್ಲಿ, ಭಾನುವಾರದ ಟೋಪಿ ತೊಟ್ಟ ಮುದುಕಿಯರು ಸಾಲಾಗಿ ನಡೆಯುತ್ತಿದ್ದರು. ಕೋಲು ಊರಿದಲ್ಲಿ ಮರಳು ಮೆಲ್ಲಗೆ ಎದ್ದು ಮೆಲ್ಲಗೆ ಕೂರುತ್ತಿತ್ತು. ಅವರು ಏನೋ ಹೇಳುತ್ತಿದ್ದರು. ಮಾತಿನ ಬದಲು ಬಾಯಿಂದ ಗುಳ್ಳೆಗಳು ಹೊರಟು, ಒಬ್ಬರ ಗುಳ್ಳೆಗೆ ಇನ್ನೊಬ್ಬರ ಗುಳ್ಳೆ ತಾಗಿ ಬೆಳ್ಳಗೆ ದೊಡ್ಡದಾಗಿ, ಮೇಲೆ ಮೇಲೆ ಹೋಗುತ್ತಿದ್ದವು. ಮೇಲೆ ಯಾರೂ ಇರಲಿಲ್ಲ. ಸಿಸ್ಟರ್ ವರ್ನೆಲ್ ಒಂದು ಕಾಲು ಎಳೆಯುತ್ತ ರೈಲಿನ ಹತ್ತಿರಕ್ಕೇ ಬಂದು, ಗಾಜು ತಟ್ಟಿದಳು. ಡೆಲ್ಫೀನ್ ಬೆಚ್ಚಿ ಎದ್ದಾಗ ರೈಲು ಬಯಲಿಗೆ ಬಂದಿತ್ತು. ಬಂದರಿನ ಕ್ರೇನುಗಳು ಬಿಸಿಲಲ್ಲಿ ಕತ್ತೆತ್ತಿ ನಿಂತಿದ್ದವು.

ಗುರುವಾರ, ಶುಕ್ರವಾರ, ಶನಿವಾರ ಅವಳು ಯಾರಿಗೂ ಬಾಯಿ ಬಿಡಲಿಲ್ಲ. ಭಾನುವಾರ ಪ್ರಾರ್ಥನೆ ಮುಗಿದು ನೆಲಮಾಳಿಗೆಯಲ್ಲಿ ಊಟಕ್ಕೆ ಕೂತಾಗ ಅವಳೇ ಸಿಕ್ಕಿಬಿದ್ದಳು. ಹಂದಿಮೂಳೆ ಹಾಕಿ ಬೇಯಿಸಿದ ಸೊಪ್ಪು, ಜೋಳದ ಬ್ರೆಡ್ಡು, ಕೆಂಪು ಬೀನ್ಸ್ ಕಾಳು. ತಟ್ಟೆ ಹಿಡಿದು ಬಂದವರೆಲ್ಲ ಅವಳ ಹೆಗಲು ಮುಟ್ಟದೆ ಮುಂದೆ ಹೋಗುತ್ತಿರಲಿಲ್ಲ.

“ಏನವ್ವಾ ಎಂಜಿನೀರಮ್ಮ, ನನ್ ದನಿ ಮಿಷನ್ನೊಳಕ್ಕೆ ಓಯ್ತಾ?” ಎಂದಳು ಸಿಸ್ಟರ್ ವರ್ನೆಲ್.

“ನಿನ್ ದನಿ ಓದ್ರೆ ಮಿಷನ್ನು ಕೆಟ್ಟೋಯ್ತದೆ,” ಎಂದ ಹಾರೆಸ್. “ಒಂದ್ಕಿತ ಬಾಯ್ ಬುಟ್ರೆ ಮುಚ್ಚಾಕೆ ಬರದಿಲ್ವಲ್ಲ ನಿಂಗೆ.”

“ನಿಂದು ಓದ್ರೆ ಅದು ನಿದ್ದೆ ಓಯ್ತದೆ ಕಣ್ ಸುಮ್ಕಿರು! ಡೀಕನ್ನು ಪ್ರಾರ್ಥನೆಗೆ ನಿಂತ್ರೆ ಸ್ವಾಮಿನೂ ಆಕಳುಸ್ತಾನೆ.”

ಸುತ್ತ ನಗು ಹಬ್ಬಿತು. ಹಾರೆಸ್ ನಕ್ಕವನು, ನಗುತ್ತಲೇ ದನಿ ತಗ್ಗಿಸಿದ. “ನೋಡು ಮಗಾ. ಓದ ವಾರ ನನ್ ತಮ್ಮ ಎದೆ ಇಡ್ಕಂಡು ಫೋನ್ ಮಾಡವ್ನೆ. ಈಗ್ಲೂ ಅದ್ಯಾವ್ದೋ ಮಿಷನ್ನೇ ಎತ್ತದು. ‘ಕ್ಷಮಿಸಿ, ತಿಳಿಯಲಿಲ್ಲ, ಮತ್ತೊಮ್ಮೆ ಹೇಳಿ.’ ಏಳು ಸಲ ಯೋಳವ್ನೆ. ಆಮೇಲೆ ನಾನೇ ಗಾಡೀಲಿ ಕರ್ಕಂಡೋದೆ. ನಿಂದು ಬಂದ್ರೆ ಅಂಗಾಗಕಿಲ್ಲ ಅಂತ ಅವುನ್ಗೆ ಯೋಳಿವ್ನಿ. ನೀನು ಯೋಳಿದ್ಯಲ್ಲ.”

“ಊಂ,” ಎಂದರು ಪಕ್ಕದವರು. “ಯೋಳವ್ಳೆ, ಯೋಳವ್ಳೆ.”

ಡೆಲ್ಫೀನ್ ತಟ್ಟೆಯ ಸೊಪ್ಪನ್ನು ಆ ಕಡೆಯಿಂದ ಈ ಕಡೆಗೆ ಸರಿಸಿದಳು. ಮೇಜಿನ ಆ ತುದಿಯಲ್ಲಿ ಕೂತಿದ್ದ ಅಜ್ಜಿ ಯೂಲಾ ಮೇ ಚಮಚ ಕೆಳಗಿಟ್ಟು ಅವಳನ್ನೇ ನೋಡುತ್ತಿದ್ದಳು.

ಮನೆಗೆ ಬಂದು ಟೋಪಿ ತೆಗೆದು ಪೆಟ್ಟಿಗೆಯಲ್ಲಿಟ್ಟು, ಮೆಟ್ಟು ಕಳಚಿ, ಯೂಲಾ ಮೇ ಅಡಿಗೆಮನೆಯ ಕುರ್ಚಿಯಲ್ಲಿ ಕೂತಳು. ಹೊರಗೆ ಬಿಸಿಲು ಜೇನಿನ ಬಣ್ಣಕ್ಕೆ ತಿರುಗಿತ್ತು. ನಿಂಬೆಗಿಡದ ನೆರಳು ಗೋಡೆಯ ಮೇಲೆ ಈಜುತ್ತಿತ್ತು.

“ಈಗ ಯೋಳು,” ಎಂದಳು.

“ಎಸೆದ್ಬುಟ್ರು ಅಜ್ಜಿ.”

“ಎಷ್ಟ?”

“ಎಲ್ಲಾನೂ. ಒಬ್ಬರ್ ಮಾತಿನ್ ಮ್ಯಾಲೆ ಒಬ್ಬರು ಬಿದ್ದವ್ರೆ ಅಂತ. ಆ ಕಾನೂನು ನಾನೇ ಬರ್ದಿದ್ದು. ನಂಗೇ ಹೊಳೀನಿಲ್ಲ.”

ಯೂಲಾ ಮೇ ಗೋಡೆಯ ನೆರಳಿನ ಕಡೆ ತಿರುಗಿದಳು. ಬೈಯುತ್ತಾಳೆಂದು ಡೆಲ್ಫೀನ್ ಕಾದಳು. ಬೈದಿದ್ದರೆ ಚೆನ್ನಾಗಿತ್ತು.

“ನಿಮ್ ದೊರೆಸಾನಿ ಏನಂದ್ಲು?”

“ನಿನ್ನ ಕರ್ಕಂಬಾ ಅಂದ್ಲು. ಗಾಜಿನ ಕ್ವಾಣೇಲಿ ಒಬ್ಳೇ ಕುಂತು ಮೂವತ್ತು ಸಾಲು ಓದ್ಬೇಕಂತೆ. ಬಿಡ್ಸಿ ಬಿಡ್ಸಿ.” ಡೆಲ್ಫೀನ್ ತಲೆ ತಗ್ಗಿಸಿದಳು. “ನಿಂಗೆ ಬತ್ತದಲ್ಲ ಅಜ್ಜಿ, ಆ ಟೆಲಿಫೋನ್ ದನಿ. ಒಂದೇ ಕಿತ. ಅದುನ್ನ ತೋರ್ಸಿ ಒಳಕ್ ಕಾಲಿಕ್ಕಿದ್ರೆ, ಆಮ್ಯಾಲೆ ಮಿಕ್ಕಿದ್ದುನ್ನೆಲ್ಲ ಎಳ್ಕಬೋದು ಅಂತ…”

ಲೂಯಿಸಿಯಾನಾದಿಂದ ಬಂದ ಯೂಲಾ ಮೇ ಇಪ್ಪತ್ತೆರಡನೇ ವಯಸ್ಸಿಗೆ ಟೆಲಿಫೋನ್ ಕಚೇರಿಗೆ ಕರೆ ಜೋಡಿಸುವ ಆಪರೇಟರ್ ಆಗಿ ಸೇರಿದವಳು. ಕಪ್ಪು ಹೆಂಗಸರನ್ನು ಅಲ್ಲಿ ತಂತಿಯ ಮುಂದೆ ಕೂರಿಸಿದ್ದೇ ಆಗ ಮೊದಲು. ಮೂರು ವಾರ ತರಬೇತಿ. “ಹತ್ತಿಹೊಲದ ಮಣ್ಣು ಬಾಯಿಂದ ತೊಳ್ಕೊಂಡು ಬಾ” ಎಂದು ದಿನಾ ಹೇಳುವ ಒಬ್ಬ ಮೇಷ್ಟ್ರಮ್ಮ. ಇಪ್ಪತ್ತೊಂಬತ್ತು ವರ್ಷ ಯೂಲಾ ಮೇ ಕಿವಿಗೆ ತಂತಿ ಸಿಕ್ಕಿಸಿಕೊಂಡು ಇನ್ನೊಬ್ಬಳ ದನಿಯಲ್ಲಿ ಮಾತಾಡಿದಳು. ಆ ದನಿಯ ಹೆಂಗಸಿಗೆ ಮಕ್ಕಳಿರಲಿಲ್ಲ, ಊರಿರಲಿಲ್ಲ, ಕೆಮ್ಮು ಬರುತ್ತಿರಲಿಲ್ಲ. ಕೆಲಸ ಬಿಟ್ಟ ದಿನ ಮನೆಗೆ ಬಂದವಳೇ ಹಿತ್ತಿಲಿಗೆ ಹೋಗಿ ಬಾಯಿ ಮುಕ್ಕಳಿಸಿ ಉಗಿದಳಂತೆ. ಆಮೇಲೆ ಆ ದನಿಯನ್ನು ಮನೆಯಲ್ಲಿ ಯಾರೂ ಕೇಳಿಲ್ಲ.

“ಅವ್ಳನ್ನ ಎಬ್ಬುಸ್ಬೇಕಾ?” ಎಂದಳು ಅಜ್ಜಿ, ಒಳಕೋಣೆಯಲ್ಲಿ ಮಲಗಿರುವ ಯಾರನ್ನೋ ಕುರಿತು ಹೇಳುವ ಹಾಗೆ. “ಆಗ್ಲಿ. ನಿಂಗೋಸ್ಕರ ಬತ್ತೀನಿ. ಆದ್ರೆ ನೀನು ಕಣ್ ಬುಟ್ಕಂಡು ನೋಡ್ಬೇಕು. ಬ್ಯಾರೆ ಕಡೀಕ್ ತಿರಿಕಬ್ಯಾಡ.”

ಸೋಮವಾರ ಬೆಳಗ್ಗೆ ಯೂಲಾ ಮೇ ನೇರಳೆ ಬಣ್ಣದ ಟೋಪಿ ತೊಟ್ಟು ಒಂಬತ್ತನೇ ಮಹಡಿಗೆ ಬಂದಳು. ಕೆಳಗಿನ ಹಜಾರದಲ್ಲಿ ನಿಂತು ಪರದೆಯ ಮೇಲೆ ನಗುತ್ತಿದ್ದ ಮೊಮ್ಮಗಳನ್ನು ತಲೆಯೆತ್ತಿ ನೋಡಿ, “ಈ ಮೊಕಕ್ಕೆ ಬಾಡಿಗೆ ಏನಾರಾ ಕೊಡ್ತವ್ರಾ ನಿಂಗೆ?” ಎಂದು ಕೇಳಿದಳು. ಬಾಗಿಲು ಕಾಯುವ ಕಪ್ಪು ಗಂಡಸು ಬೇರೆ ಕಡೆ ತಿರುಗಿ ನಕ್ಕ.

ಮೆರಿಡಿತ್ ಎರಡೂ ಕೈಯಿಂದ ಅವಳ ಕೈ ಹಿಡಿದುಕೊಂಡಳು. “ಮಿಸೆಸ್ ಬ್ರೂಸಾರ್ಡ್, ನೀವು ಬಂದದ್ದು ನಮ್ಮ ಭಾಗ್ಯ.”

“ಇರ್ಲಿ ತಾಯಿ. ಎಲ್ಲಿ ಕುಂತ್ಕಬೇಕು?”

ಗಾಜಿನ ಕೋಣೆಯ ಗೋಡೆಗಳಿಗೆ ಸ್ಪಂಜು ಹೊದಿಸಿದ್ದರು. ಒಳಗೆ ಹೋದ ಸದ್ದು ಗೋಡೆಗೆ ತಾಗಿ ಅಲ್ಲೇ ಸತ್ತುಹೋಗುತ್ತಿತ್ತು. ಬಾಗಿಲು ಮುಚ್ಚಿಕೊಂಡಾಗ ಯೂಲಾ ಮೇ ಒಮ್ಮೆ ಕಿವಿ ಮುಟ್ಟಿಕೊಂಡಳು. ಡೆಲ್ಫೀನ್ ಹೊರಗೆ ಮೆರಿಡಿತ್‌ಳ ಪಕ್ಕ ನಿಂತಳು. ಅವರ ಮುಂದಿನ ಪರದೆಯ ಮೇಲೆ ಯಂತ್ರ ಕೇಳಿಸಿಕೊಂಡದ್ದು ಅಕ್ಷರವಾಗಿ ಮೂಡುತ್ತಿತ್ತು.

ಅಜ್ಜಿ ಕೈಯಲ್ಲಿದ್ದ ಹಾಳೆ ನೋಡಿ, ಅದನ್ನು ತೊಡೆಯ ಮೇಲಿಟ್ಟು, ತನ್ನ ಮಾತಿನಲ್ಲೇ ಶುರು ಮಾಡಿದಳು. “ನಂಗೆ ಬೆಳಗ್ಗಿಂದ ಎದೆ ಇಂಡ್ತಾ ಅದೆ ಕಣವ್ವ…”

ನಿಲ್ಲಿಸಿದಳು. ಕಾದಳು. ಗಾಜಿನಾಚೆಗೆ ಮೊಮ್ಮಗಳ ಮುಖ ನೋಡಿದಳು. ಡೆಲ್ಫೀನಳ ಗಂಟಲಲ್ಲಿ ಹೂಂ ಬಂದು ನಿಂತಿತ್ತು. ಅಂದರೂ ಒಳಗೆ ಕೇಳಿಸದು. ಪರದೆಯ ಮೇಲೆ ಅಕ್ಷರ ಮೂಡದೆ ಅಡ್ಡಗೆರೆಯೊಂದು ಮಿನುಗುತ್ತಿತ್ತು, ಅಷ್ಟೆ.

ಆಗ ಯೂಲಾ ಮೇ ಬೆನ್ನು ನೆಟ್ಟಗೆ ಮಾಡಿಕೊಂಡಳು. ಗಲ್ಲ ಒಂದು ಬೆರಳಿನಷ್ಟು ಮೇಲೇರಿತು. ಮುಖದಿಂದ ಏನೋ ಹಿಂದಕ್ಕೆ ಸರಿಯಿತು, ತೆರೆ ಹಿಂದೆ ಸರಿದು ಒದ್ದೆ ಮರಳು ಬರಿದಾದ ಹಾಗೆ.

“ನಮಸ್ಕಾರ. ನನಗೆ ಬೆಳಗಿನಿಂದ ಎದೆಯಲ್ಲಿ ನೋವು ಕಾಣಿಸಿಕೊಂಡಿದೆ. ದಯವಿಟ್ಟು ನನ್ನನ್ನು ನರ್ಸಿಗೆ ಸಂಪರ್ಕಿಸಿ.”

ಮಣಿ ಪೋಣಿಸಿದಂತೆ ಒಂದೊಂದೇ ಮಾತು. ವಯಸ್ಸಿಲ್ಲದ, ಬೆವರಿಲ್ಲದ ದನಿ. ಯಾವ ಅಡಿಗೆಮನೆಯಿಂದಲೂ ಬಂದಿರದ ದನಿ. ಪರದೆಯ ಮೇಲೆ ಒಂದೂ ಅಕ್ಷರ ತಪ್ಪದೆ ಮೂಡಿತು. ಎರಡನೇ ಸಾಲು, ಮೂರನೆಯದು, ಹತ್ತನೆಯದು. ಮೆರಿಡಿತ್ ಬಾಯಿಗೆ ಕೈ ಇಟ್ಟುಕೊಂಡಳು. ಅವಳ ಕಣ್ಣು ಒದ್ದೆಯಾಗಿತ್ತು. ಡೆಲ್ಫೀನಳಿಗೆ ಮಾತ್ರ ಗಾಜಿನೊಳಗೆ ಇಬ್ಬರು ಕೂತಂತೆ ಕಂಡಿತು: ಮುಂದೆ ನೆಟ್ಟಗೆ ಕೂತು ಓದುತ್ತಿರುವ ಹೆಂಗಸೊಬ್ಬಳು, ಅವಳ ಹಿಂದೆ ಮಂಜಿನಲ್ಲಿ ನೆನೆದವಳ ಹಾಗೆ ಮುದುಡಿ, ತನ್ನ ಸರದಿ ಕಾಯುತ್ತ ಅಜ್ಜಿ. ಹೇಳಿದ ಮಾತಿನಂತೆ ಅವಳು ಬೇರೆ ಕಡೆ ತಿರುಗಲಿಲ್ಲ. ಮೂವತ್ತೂ ಸಾಲು ನೋಡಿದಳು.

ಯೂಲಾ ಮೇ ಹೊರಗೆ ಬಂದು ಟೋಪಿ ಸರಿಮಾಡಿಕೊಂಡಳು. ಮೆರಿಡಿತ್ ಚಪ್ಪಾಳೆ ತಟ್ಟಿ, “ನೋಡಿದ್ಯಾ ಡೆಲ್ಫೀನ್? ಅವರಿಗೆ ಬರತ್ತೆ!” ಎಂದಳು.

“ಒಂಚೂರು ನೀರ್ ಕೊಡು ಮಗಾ,” ಎಂದಳು ಅಜ್ಜಿ.

ವಾಪಸು ಹೋಗುವಾಗ ರೈಲಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತರು. ನೀರಿನಡಿ ಹೊಕ್ಕ ಮೇಲೆ ಅಜ್ಜಿ ಮೊಮ್ಮಗಳ ಕಿವಿಯ ಹತ್ತಿರಕ್ಕೆ ಬಾಗಿದಳು.

“ನೋಡ್ದಾ?”

“ಊಂ.”

“ಅವ್ಳಿಗೆ ಎದೆನೋವು ಬರಾಕಿಲ್ಲ ಕಣ್ ಮಗಾ. ಇಪ್ಪತ್ತೊಂಬತ್ ವರ್ಸದಾಗೆ ಒಂದ್ ದಿನ ತಲೆನೋವೂ ಬರ್ನಿಲ್ಲ ಅವ್ಳಿಗೆ. ನಂಗೆ ಬತ್ತದೆ. ವರ್ನೆಲ್‌ಗೆ ಬತ್ತದೆ. ಉಸ್ರು ಕಟ್ದಾಗ ಫೋನ್ ಎತ್ತಾಳು ಯಾರು, ಅವ್ಳಾ? ನಾನು. ನಾನು ಎಂಗ್ ಮಾತಾಡ್ತೀನಿ ಆಗ?”

“ನಿನ್ನಂಗೆ.”

“ಊಂ,” ಎಂದಳು ಯೂಲಾ ಮೇ, ಕಣ್ಣು ಮುಚ್ಚಿ ಮೊಮ್ಮಗಳ ಹೆಗಲಿಗೆ ಒರಗಿದಳು. ಟೋಪಿಯ ಅಂಚು ಡೆಲ್ಫೀನಳ ಕೆನ್ನೆಗೆ ಚುಚ್ಚುತ್ತಿತ್ತು. ಅವಳು ಅಲ್ಲಾಡಲಿಲ್ಲ.

ಮಂಗಳವಾರ, ಏಪ್ರಿಲ್ ಒಂಬತ್ತು. ಮೆರಿಡಿತ್‌ಳ ಮೇಜಿನ ಮೇಲೆ ಒಂದೇ ಒಂದು ಹಾಳೆ ಇತ್ತು. ಡೆಲ್ಫೀನ್ ನಿಂತೇ ಓದಿದಳು. ಪೂರ್ವ ಓಕ್‌ಲ್ಯಾಂಡಿನ ನೂರ ತೊಂಬತ್ತಾರು ಹಿರಿಯರ ದನಿಗಳಿಂದ ಈ ಯಂತ್ರ ಕಲಿತಿದೆ. ಅವರ ಮಾತನ್ನು ಇದು ಅರಿಯುತ್ತದೆ. ದನಿಗಳನ್ನು ಕೂಡಿಸಿದ ನಾನು ಇದನ್ನು ದೃಢೀಕರಿಸುತ್ತೇನೆ. ಕೆಳಗೆ ಗೆರೆ. ಗೆರೆಯ ಕೆಳಗೆ ಅವಳ ಹೆಸರನ್ನು ಅಚ್ಚು ಮಾಡಿದ್ದರು.

“ಇದು ನಿಜ ಅಲ್ಲ,” ಎಂದಳು.

“ಇವತ್ತಿಗೆ ಅಲ್ಲ. ಆರು ತಿಂಗಳು ಕೊಡು, ನಿಜ ಮಾಡೋಣ.”

“ನಾಳೆ ಆ ಖಾನೆ ಖಾಲಿಯಾಗತ್ತೆ. ಆರು ತಿಂಗಳಾದ ಮೇಲೆ ಯಾರಿಂದ ಕಲಿಸ್ತೀಯ? ನಿಲ್ಲಿಸೋಕೆ ನಿನ್ನ ಒಂದು ಮಾತು ಸಾಕು. ಈಗಲೇ ಹೇಳು, ನಾನು ಕಾಯ್ತೀನಿ.”

ಮೆರಿಡಿತ್ ಕಿಟಕಿಯ ಕಡೆ ನೋಡಿದಳು. “ಆ ಖಾನೆ ಮುಟ್ಟಿದರೆ ಮೇಲಿನೋರು ಕೇಳ್ತಾರೆ. ಯಾಕೆ ಎಸೆದ್ರಿ, ಯಾರು ಎಸೆದ್ರು ಅಂತ. ನಿನ್ನ ನಿಯಮದ ಪುಸ್ತಕ ಬರತ್ತೆ ಮೇಜಿಗೆ. ನಾನು ನಿನ್ನ ಉಳಿಸೋಕೆ ನೋಡ್ತಿದೀನಿ ಡೆಲ್ಫೀನ್.”

“ಬರಲಿ ಪುಸ್ತಕ. ಹದಿನೇಳನೇ ನಿಯಮ ನಂದೇ. ತಪ್ಪು ಅಂತ ನಾನೇ ಹೇಳ್ತೀನಿ.”

“ನೀನು ಹೋದರೆ ಈ ಮಹಡೀಲಿ ನಿಮ್ಮೋರ ಪರವಾಗಿ ಮಾತಾಡೋಕೆ ಯಾರಿದಾರೆ? ಅದನ್ನ ಯೋಚನೆ ಮಾಡಿದೀಯಾ? ಒಳಗಿದ್ದು ಬದಲಾಯಿಸೋದು ಹೆಚ್ಚೋ, ಹೊರಗೆ ನಿಂತು ಕೂಗೋದು ಹೆಚ್ಚೋ?” ಅವಳ ದನಿಯಲ್ಲಿ ನಿಜವಾದ ನೋವಿತ್ತು. “ಆಸ್ಪತ್ರೆಯೋರು ನನ್ನ ಸಹಿ ಕೇಳಲಿಲ್ಲ. ಕಂಪನಿ ಯಜಮಾನರದ್ದೂ ಕೇಳಲಿಲ್ಲ. ದನಿ ತಂದೋರದ್ದೇ ಬೇಕು ಅಂದ್ರು. ಯಾಕಂದ್ರೆ ಅವರಿಗೆ ನಿನ್ನ ಮೇಲೆ ನಂಬಿಕೆ.”

“ನಾನು ಕಪ್ಪಗಿರೋದರ ಮೇಲೆ,” ಎಂದಳು ಡೆಲ್ಫೀನ್.

ಮೆರಿಡಿತ್ ಕೆಂಪಾದಳು. ಪೆನ್ನಿನ ಮುಚ್ಚಳ ತೆಗೆದು, ಹಾಳೆಯ ಮೇಲೆ ಅಡ್ಡವಾಗಿಟ್ಟು, ಎರಡನ್ನೂ ಮೆಲ್ಲಗೆ ಮುಂದಕ್ಕೆ ತಳ್ಳಿದಳು.

ಕಿಟಕಿಯಾಚೆ ಮಂಜು ಕರಗುತ್ತಿತ್ತು. ಮೊದಲು ಸೇತುವೆಯ ತುದಿ ಕಂಡಿತು, ಯಾವುದಕ್ಕೂ ತಾಗದೆ ಆಕಾಶದಲ್ಲಿ ತೂಗುವಂತೆ, ಆಮೇಲೆ ನೀರು, ನೀರಿನಾಚೆ, ಬಿಸಿಲಿನ ತೆಳ್ಳನೆ ಪಟ್ಟಿಯಲ್ಲಿ, ಅವಳ ಊರು. ಅಷ್ಟು ದೂರಕ್ಕೆ ಮನೆಗಳು ಬಟ್ಟೆ ಒಣಹಾಕಿದಂತೆ ಕಾಣುತ್ತಿದ್ದವು. ಅಲ್ಲಿ ಯಾರೋ ಈ ಹೊತ್ತಿಗೆ ಕಾಲು ಚಾಚಿ ಕೂತಿರಬಹುದು, ಯಾರೋ ಒಲೆಯ ಮುಂದೆ ನಿಂತು ಸೊಂಟ ಹಿಡಿದುಕೊಂಡಿರಬಹುದು, ಯಾರೋ ಫೋನಿನ ಕಡೆ ನೋಡುತ್ತ ಮಾಡಲೋ ಬೇಡವೋ ಎಂದುಕೊಳ್ಳುತ್ತಿರಬಹುದು. ಡೆಲ್ಫೀನಳಿಗೆ ಆರು ರಾತ್ರಿ ಬಾರದ ನಿದ್ದೆಯೆಲ್ಲ ಒಟ್ಟಿಗೆ ಬಂದಂತಾಯಿತು. ಕಾಲ ಕೆಳಗಿನ ಒಂಬತ್ತು ಮಹಡಿಗಳೂ ಹತ್ತಿಯ ಹಾಗೆ ಮೆತ್ತಗಾದವು. ತೀರ್ಮಾನ ಮಾಡಿಬಿಡುವುದು ಇಷ್ಟು ಹಗುರ ಇರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

“ಸಹಿ ಹಾಕು,” ಎಂದಳು ಮೆರಿಡಿತ್. “ದಯವಿಟ್ಟು.”

ಡೆಲ್ಫೀನ್ ಪೆನ್ನು ಎತ್ತಿಕೊಂಡಳು. ಅದಕ್ಕೆ ಮುಚ್ಚಳ ಹಾಕಿ ಮೇಜಿನ ಆಚೆ ತುದಿಯಲ್ಲಿಟ್ಟಳು.

“ಹಾಕಲ್ಲ.”